ಔಷಧ ಕೊಟ್ಟ ಲೆಕ್ಕವಿದೆ, ಹುಳು ಸತ್ತ ಲೆಕ್ಕವೆಲ್ಲಿ?

ಕಾರಟಗಿಯಿಂದ ಸಿಂಧನೂರಿಗೆ ಹೋಗುವ ರಸ್ತೆಯ ಬದಿ, ಭತ್ತ ಕೊಯ್ದ ಗದ್ದೆಯೊಂದರಲ್ಲಿ ಕಳೆದ ಡಿಸೆಂಬರ್‌ನಲ್ಲಿ ಕುರಿ ಮಂದೆಯೊಂದು ಬೀಡುಬಿಟ್ಟಿತ್ತು. ಕುಷ್ಟಗಿ ಕಡೆಯ ಒಣ ಸೀಮೆಯಿಂದ ಇಳಿದು ಬಂದ ಇನ್ನೂರೈವತ್ತು ಕುರಿಗಳು. ಹೆಚ್ಚಿನವು ಕೆಂಗುರಿ, ನಡುನಡುವೆ ಕಪ್ಪು-ಬಿಳಿ ಬಣ್ಣದ ಬಳ್ಳಾರಿ ತಳಿಯವು. ಮಂದೆಯ ಯಜಮಾನರಿಗೆ ಎಪ್ಪತ್ತರ ಹತ್ತಿರ ವಯಸ್ಸು. ಮಗ ಒಂದೊಂದೇ ಕುರಿಯನ್ನು ತೊಡೆಗಳ ನಡುವೆ ಸಿಕ್ಕಿಸಿ ಹಿಡಿಯುತ್ತಿದ್ದ. ಅವರು ಸೂಜಿ ತೆಗೆದ ಸಿರಿಂಜಿನಲ್ಲಿ ಹಾಲಿನಂಥ ಔಷಧ ಎಳೆದು, ಬಾಯಿಯ ಮೂಲೆಯಿಂದ ತೂರಿಸಿ, ನಾಲಿಗೆಯ ಹಿಂದಕ್ಕೆ ಒತ್ತಿ ಬಿಡುತ್ತಿದ್ದರು. ಬಿಟ್ಟ ಕುರಿ ಎರಡು ಸಲ ಕೆಮ್ಮಿ, ಏನೂ ಆಗದಂತೆ ಕೂಳೆಗೆ ಬಾಯಿ ಹಾಕುತ್ತಿತ್ತು.

‘ಒಂದಕ್ಕೆ ಎಷ್ಟು ಎಂಎಲ್ ಅಜ್ಜಾ?’ ಎಂದೆ.

‘ಐದು. ಎಲ್ಲದಕ್ಕೂ ಐದೇ.’

‘ವರ್ಷಕ್ಕೆ ಎಷ್ಟು ಸಲ ಕುಡಿಸುತ್ತೀರಿ?’

‘ಮೊದಲು ಎರಡು ಸಲ ಕುಡಿಸಿದರೆ ಸಾಕಾಗುತ್ತಿತ್ತು ತಮ್ಮಾ. ಈಗ ನಾಲ್ಕು ಸಲ ಕುಡಿಸಿದರೂ ಗದ್ದ ಊದಿ ಬೀಳುತ್ತವೆ. ಔಷಧದಲ್ಲೇ ದಮ್ಮಿಲ್ಲ.’

ಔಷಧದಲ್ಲಿ ದಮ್ಮಿಲ್ಲ ಎಂಬುದು ಅವರ ತೀರ್ಪು. ಅದು ನಿಜವಿರಬಹುದು. ಬಾಟಲಿಯೇ ಕಳಪೆಯದಾಗಿರಬಹುದು. ಔಷಧ ಒಳ್ಳೆಯದೇ ಆಗಿದ್ದು ಪ್ರಮಾಣ ಕಡಿಮೆಯಾಗಿರಬಹುದು. ಎರಡೂ ಸರಿಯಿದ್ದು ಹುಳುವೇ ಔಷಧಕ್ಕೆ ಬಗ್ಗದಂತಾಗಿರಬಹುದು. ಇಲ್ಲವೇ ಔಷಧ ಹುಳುವನ್ನು ಚೆನ್ನಾಗಿಯೇ ಕೊಂದು, ತಿಂಗಳೊಳಗೆ ಅದೇ ಹಸಿ ಗದ್ದೆಯಿಂದ ಹೊಸ ಹುಳು ಹೊಟ್ಟೆ ಸೇರಿರಬಹುದು. ಮಂದೆಯ ಬದಿಯಲ್ಲಿ ನಿಂತು ನೋಡುವವರಿಗೆ ಈ ನಾಲ್ಕೂ ಒಂದೇ ತರಹ ಕಾಣುತ್ತವೆ: ಗದ್ದ ಊದಿದ, ಮೂಳೆ ಕಾಣುವ ಕುರಿ. ಒಂದರಿಂದ ಇನ್ನೊಂದನ್ನು ಬೇರ್ಪಡಿಸುವ ದಾರಿ ಪರೀಕ್ಷೆ ಮಾತ್ರ. ಆ ಪರೀಕ್ಷೆಗೆ ಬೇಕಾಗುವುದು ಹಿಕ್ಕೆ, ಅಡುಗೆ ಉಪ್ಪು, ಒಂದು ಸೂಕ್ಷ್ಮದರ್ಶಕ ಮತ್ತು ಎರಡು ವಾರದ ತಾಳ್ಮೆ. ಮೊದಲ ಮೂರು ನಮ್ಮಲ್ಲಿವೆ.

ಆ ಗದ್ದೆಯಿಂದ ಒಂದು ಫರ್ಲಾಂಗು ದೂರದಲ್ಲಿ ಸರ್ಕಾರಿ ಶಾಲೆಯಿದೆ. ರಾಷ್ಟ್ರೀಯ ಜಂತುಹುಳು ನಿವಾರಣಾ ಕಾರ್ಯಕ್ರಮ 2015ರಲ್ಲಿ ಶುರುವಾದಾಗಿನಿಂದ ಇಂಥ ಶಾಲೆ, ಅಂಗನವಾಡಿಗಳಲ್ಲಿ 1ರಿಂದ 19 ವರ್ಷದವರಿಗೆ ಅಲ್ಬೆಂಡಜೋಲ್ ಮಾತ್ರೆ ಕೊಡುತ್ತಾರೆ. 400 ಮಿಲಿಗ್ರಾಂನ ಒಂದು ಮಾತ್ರೆ, ಜಗಿದು ನುಂಗಬೇಕು. ಎರಡು ವರ್ಷದೊಳಗಿನ ಕೂಸುಗಳಿಗೆ ಅರ್ಧ ಮಾತ್ರೆ ಪುಡಿಮಾಡಿ ನೀರಿನಲ್ಲಿ ಕಲಸಿ. ಕುರಿಯ ಬಾಟಲಿಯಲ್ಲಿದ್ದದ್ದೂ ಅಲ್ಬೆಂಡಜೋಲೇ. ಒಂದೇ ಔಷಧ, ಒಂದೇ ಊರು, ಒಂದೇ ಬಗೆಯ ಲೆಕ್ಕ. ಮರುದಿನದ ಪತ್ರಿಕೆಯಲ್ಲಿ ತಾಲ್ಲೂಕಿನಲ್ಲಿ ಶೇಕಡಾ ಎಷ್ಟು ಮಕ್ಕಳಿಗೆ ಮಾತ್ರೆ ನುಂಗಿಸಿದರು ಎಂಬ ಅಂಕಿ ಬರುತ್ತದೆ, ಅದನ್ನು ‘ಸಾಧನೆ’ ಎನ್ನುತ್ತಾರೆ. ನುಂಗಿಸಿದ ಮೇಲೆ ಹೊಟ್ಟೆಯೊಳಗೆ ಏನಾಯಿತು ಎಂಬ ಅಂಕಿಯನ್ನು ನಾನು ಇದುವರೆಗೆ ಯಾವ ತಾಲ್ಲೂಕಿನ ಪ್ರಕಟಣೆಯಲ್ಲೂ ಓದಿಲ್ಲ. ಹುಳು ಎಷ್ಟು ಜನರಲ್ಲಿದೆ ಎಂಬ ಸಮೀಕ್ಷೆಗಳು ಆಗೀಗ ದೊಡ್ಡ ಮಟ್ಟದಲ್ಲಿ ನಡೆಯುತ್ತವೆ. ಅದು ಬೇರೆ ಪ್ರಶ್ನೆ. ಈ ಮಾತ್ರೆ ಈ ಊರಿನ ಹುಳುವನ್ನು ಕೊಲ್ಲುತ್ತದೆಯೇ ಎಂಬುದು ಬೇರೆ ಪ್ರಶ್ನೆ.

ಮೊದಲು ಕುರಿಯನ್ನೇ ನೋಡೋಣ. ಅಲ್ಲಿ ಉತ್ತರ ಬೇಗ ಸಿಗುತ್ತದೆ, ಮತ್ತು ಕುರಿಯಲ್ಲಿ ಅರ್ಧ ಶತಮಾನದ ಹಿಂದೆ ಆದದ್ದನ್ನು ನೋಡಿಯೇ ಮನುಷ್ಯರ ವೈದ್ಯರು ಇಂದು ಎಚ್ಚರದಿಂದಿರುವುದು.

ನಮ್ಮ ಕುರಿಗಳನ್ನು ಹೆಚ್ಚು ಕಾಡುವ ಹುಳು ಹೀಮಾಂಕಸ್. ಕುರಿಯ ನಾಲ್ಕನೇ ಹೊಟ್ಟೆಯಲ್ಲಿ ಬಾಳುತ್ತದೆ. ಎರಡು-ಮೂರು ಸೆಂಟಿಮೀಟರ್ ಉದ್ದ, ಬಿಳಿ ನೂಲಿಗೆ ಕೆಂಪು ನೂಲು ಸೇರಿಸಿ ಹೊಸೆದಂತೆ ಕಾಣುತ್ತದೆ. ಕೆಂಪು, ಅದು ಕುಡಿದ ರಕ್ತ. ಬಿಳಿ, ಅದರ ಗರ್ಭಕೋಶ. ಒಂದು ಹುಳು ದಿನಕ್ಕೆ ಸುಮಾರು 0.05 ಮಿಲಿಲೀಟರ್ ರಕ್ತ ಹೀರುತ್ತದೆ. ಕೇಳಲು ಏನೂ ಅಲ್ಲ. ಆದರೆ ಎರಡು ಸಾವಿರ ಹುಳುಗಳಿದ್ದರೆ ದಿನಕ್ಕೆ ನೂರು ಮಿಲಿಲೀಟರ್ ಆಯಿತು. ಮೂವತ್ತು ಕೆ.ಜಿ.ಯ ಕುರಿಯ ಮೈಯಲ್ಲಿರುವ ರಕ್ತವೇ ಎರಡು ಲೀಟರಿನ ಆಸುಪಾಸು. ರಕ್ತದ ಸತ್ವ ಹೋಗಿ ಅದರ ನೀರು ಗದ್ದದ ಕೆಳಗೆ ಇಳಿದು ಊತವಾಗುತ್ತದೆ. ಹೆಣ್ಣು ಹುಳು ದಿನಕ್ಕೆ ಐದರಿಂದ ಹತ್ತು ಸಾವಿರ ಮೊಟ್ಟೆ ಇಡುತ್ತದೆ. ಮೊಟ್ಟೆ ಹಿಕ್ಕೆಯ ಜೊತೆ ಹೊರಬಿದ್ದು, ತೇವ ಮತ್ತು ಬಿಸಿ ಸಿಕ್ಕರೆ ವಾರದೊಳಗೆ ಮರಿಹುಳುವಾಗಿ ಹುಲ್ಲಿನ ಎಸಳು ಏರುತ್ತದೆ.

ಆ ಮೊಟ್ಟೆಯೇ ನಮಗೆ ಸಾಕ್ಷಿ. ಬದುಕಿರುವ ಕುರಿಯ ಹೊಟ್ಟೆ ಸೀಳಿ ಹುಳು ಎಣಿಸಲಾಗದು, ಹಿಕ್ಕೆಯಲ್ಲಿನ ಮೊಟ್ಟೆ ಎಣಿಸಬಹುದು. ವಿಧಾನ ಬಹಳ ಸರಳ. ನೀರಿಗೆ ಉಪ್ಪು ಹಾಕುತ್ತಾ ಹೋಗಬೇಕು, ಇನ್ನು ಕರಗದೆ ತಳದಲ್ಲಿ ನಿಲ್ಲುವವರೆಗೆ. ಮೂರು ಗ್ರಾಂ ಹಿಕ್ಕೆಯನ್ನು ಆ ಉಪ್ಪುನೀರಿನಲ್ಲಿ ಅರೆದು ಒಟ್ಟು 45 ಮಿಲಿಲೀಟರ್ ಮಾಡಿ, ಚಹಾ ಸೋಸುವಂತೆ ಸೋಸಬೇಕು. ಸೋಸಿದ್ದನ್ನು ಮೆಕ್‌ಮಾಸ್ಟರ್ ಎಂಬ ಗೆರೆಹಾಕಿದ ಗಾಜಿನ ಪಟ್ಟಿಯ ಎರಡು ಮನೆಗಳಿಗೆ ತುಂಬಿ ಐದು ನಿಮಿಷ ಬಿಟ್ಟರೆ, ಕಸ ಕೆಳಗೆ ಇಳಿಯುತ್ತದೆ, ಮೊಟ್ಟೆಗಳು ತೇಲಿ ಗಾಜಿಗೆ ಅಂಟಿಕೊಳ್ಳುತ್ತವೆ. ಸೂಕ್ಷ್ಮದರ್ಶಕದಲ್ಲಿ ಅವು ದ್ರಾಕ್ಷಿ ಬೀಜ ತುಂಬಿದ ತೆಳು ಚೀಲಗಳಂತೆ ಕಾಣುತ್ತವೆ. ಎರಡೂ ಮನೆಯ ಗೆರೆಯೊಳಗಿನ ಮೊಟ್ಟೆ ಎಣಿಸಿ ಐವತ್ತರಿಂದ ಗುಣಿಸಿದರೆ ಒಂದು ಗ್ರಾಂ ಹಿಕ್ಕೆಯಲ್ಲಿರುವ ಮೊಟ್ಟೆಗಳ ಸಂಖ್ಯೆ ಸಿಗುತ್ತದೆ. ಐವತ್ತೇ ಏಕೆಂದರೆ, ಆ ಎರಡು ಮನೆಗಳಲ್ಲಿ ಹಿಡಿಯುವುದು 0.3 ಮಿಲಿಲೀಟರ್, ಅಂದರೆ 45ರ ನೂರೈವತ್ತನೇ ಒಂದು ಭಾಗ; ಹಿಕ್ಕೆ ಮೂರು ಗ್ರಾಂ. ಲೆಕ್ಕ ಮುಗಿಯಿತು.

ಔಷಧದ ಪರೀಕ್ಷೆ ಎಂದರೆ ಈ ಎಣಿಕೆಯನ್ನು ಎರಡು ಸಲ ಮಾಡುವುದು. ಕುಡಿಸುವ ದಿನ ಒಂದು ಸಲ, ಹತ್ತರಿಂದ ಹದಿನಾಲ್ಕು ದಿನಗಳ ನಂತರ ಇನ್ನೊಂದು ಸಲ. ಮೊದಲ ಸಲ ಸರಾಸರಿ 1,200 ಮೊಟ್ಟೆ, ಎರಡನೇ ಸಲ 24 ಎಂದಿಟ್ಟುಕೊಳ್ಳಿ: ಶೇ 98 ಇಳಿಕೆ, ಔಷಧ ಗೆದ್ದಿತು. ಎರಡನೇ ಸಲ 240 ಬಂದರೆ ಇಳಿಕೆ ಶೇ 80. ರೈತನ ಕಣ್ಣಿಗೆ ಶೇ 80 ಎಂದರೆ ಪ್ರಥಮ ದರ್ಜೆ. ಪಶುವೈದ್ಯರಿಗೆ ಅದು ಅಪಾಯದ ಗಂಟೆ, ಏಕೆಂದರೆ ಕುರಿಯಲ್ಲಿ ಶೇ 95ಕ್ಕಿಂತ ಕಡಿಮೆ ಇಳಿದರೆ ಪ್ರತಿರೋಧವನ್ನು, ಅಂದರೆ ಹುಳು ಔಷಧಕ್ಕೆ ಬಗ್ಗದಂತಾಗಿರುವುದನ್ನು, ಶಂಕಿಸಬೇಕು ಎಂಬುದು ಒಪ್ಪಿತ ಅಳತೆ.

ಈ ಹತ್ತು-ಹದಿನಾಲ್ಕು ದಿನಗಳ ಕಿಟಕಿಗೆ ಕಾರಣವಿದೆ. ಬೇಗ ಎಣಿಸಿದರೆ ಮೋಸಹೋಗುತ್ತೇವೆ: ಕೆಲವು ಔಷಧಗಳಿಗೆ ಹುಳು ಸಾಯದೆ, ಕೆಲ ದಿನ ಮೊಟ್ಟೆ ಇಡುವುದನ್ನಷ್ಟೇ ನಿಲ್ಲಿಸುತ್ತದೆ. ತಡಮಾಡಿದರೂ ಮೋಸವೇ: ಔಷಧ ಕುಡಿಸಿದ ಮರುದಿನ ಮೇಯ್ದ ಹುಲ್ಲಿನ ಜೊತೆ ಒಳಹೋದ ಮರಿಹುಳು ಸುಮಾರು ಮೂರು ವಾರಕ್ಕೆ ಬಲಿತು ತಾನೂ ಮೊಟ್ಟೆ ಇಡುತ್ತದೆ. ಆಗ ಹಳೆಯ ಹುಳು ಬದುಕಿತೋ ಹೊಸದು ಬಂದಿತೋ ಹೇಳಲಾಗದು. ಯಜಮಾನರ ದೂರಿನಲ್ಲಿ ಬೆರೆತುಹೋಗಿದ್ದ ಎರಡು ಕಾರಣಗಳನ್ನು ಈ ಕಿಟಕಿ ಬಿಡಿಸಿಕೊಡುತ್ತದೆ.

ಪ್ರಮಾಣದ ಮಾತಿಗೆ ಬರೋಣ. ನಾನು ಬಾಟಲಿ ಕೇಳಿ ಓದಿದೆ: ಶೇ 2.5, ಅಂದರೆ ಒಂದು ಎಂಎಲ್‌ನಲ್ಲಿ 25 ಮಿಲಿಗ್ರಾಂ. ಕೆ.ಜಿ. ತೂಕಕ್ಕೆ 7.5 ಮಿಲಿಗ್ರಾಂ ಎಂದು ಹಿಡಿದರೆ, ಮೂವತ್ತು ಕೆ.ಜಿ.ಯ ಕುರಿಗೆ ಒಂಬತ್ತು ಎಂಎಲ್ ಬೇಕು. ನಲವತ್ತೈದು ಕೆ.ಜಿ.ಯ ಟಗರಿಗೆ ಹದಿಮೂರೂವರೆ. ಎಲ್ಲದಕ್ಕೂ ಐದು ಎಂದರೆ, ಹದಿನಾರು-ಹದಿನೇಳು ಕೆ.ಜಿ.ಯ ಮರಿಗೆ ಮಾತ್ರ ಸರಿಹೋಗುವ ಪ್ರಮಾಣ. ಹೊಳೆಗೆ ಸುರಿದರೂ ಅಳೆದು ಸುರಿ ಎನ್ನುವ ನಾವು, ಕುರಿಯ ಗಂಟಲಿಗೆ ಸುರಿಯುವುದನ್ನು ಮಾತ್ರ ಕಣ್ಣಳತೆಗೆ ಬಿಟ್ಟಿದ್ದೇವೆ. ಯಜಮಾನರನ್ನು ದೂರಿ ಫಲವಿಲ್ಲ. ಇನ್ನೂರೈವತ್ತು ಕುರಿಗೆ ಸರಿಯಾಗಿ ಕುಡಿಸಿದರೆ ಬಾಟಲಿಗಳ ಖರ್ಚು ಎರಡರಷ್ಟಾಗುತ್ತದೆ, ಗದ್ದೆಯಲ್ಲಿ ತಕ್ಕಡಿಯೂ ಇಲ್ಲ. ಮಂದೆಯ ಅತಿ ಭಾರದ ಕುರಿಯನ್ನು ತೂಗಿ, ಗಾತ್ರ ನೋಡಿ ಎರಡು-ಮೂರು ಗುಂಪು ಮಾಡಿ, ಆಯಾ ಗುಂಪಿನ ಭಾರದ ಕುರಿಯ ಲೆಕ್ಕಕ್ಕೆ ಕುಡಿಸುವುದು ವಾಡಿಕೆಯ ಉಪಾಯ. ಗಬ್ಬದ ಮೊದಲ ತಿಂಗಳಿನಲ್ಲಿರುವ ಕುರಿಗಳಿಗೆ ಮಾತ್ರ ಅಲ್ಬೆಂಡಜೋಲ್ ಕೂಡದು. ಯಾವ ಕುರಿಗೆ ಎಷ್ಟು ಎಂಬುದನ್ನು ಪಶುವೈದ್ಯರನ್ನು ಕೇಳಿಯೇ ತೀರ್ಮಾನಿಸಬೇಕು.

ಅರ್ಧ ಪ್ರಮಾಣದ ಔಷಧ ಅರ್ಧ ಕೆಲಸ ಮಾಡಿ ಸುಮ್ಮನಿರುವುದಿಲ್ಲ. ಅದು ಹುಳುವಿಗೆ ಪಾಠ ಕಲಿಸುತ್ತದೆ, ಅಥವಾ ಸರಿಯಾಗಿ ಹೇಳುವುದಾದರೆ, ಕಲಿತ ಹುಳುವನ್ನು ಆರಿಸಿ ಬಿಡುತ್ತದೆ. ಅಲ್ಬೆಂಡಜೋಲ್ ಹುಳುವಿನ ಜೀವಕೋಶದೊಳಗಿನ ಬೀಟಾ ಟ್ಯುಬ್ಯುಲಿನ್ ಎಂಬ ಪ್ರೋಟೀನಿಗೆ ಅಂಟಿಕೊಂಡು, ಕೋಶದ ಸಾಗಣೆ ಹಂದರವನ್ನೇ ಕಟ್ಟದಂತೆ ಮಾಡುತ್ತದೆ. ಹುಳು ಸಕ್ಕರೆ ಹೀರಿಕೊಳ್ಳಲಾಗದೆ ಉಪವಾಸದಿಂದ ಸಾಯುತ್ತದೆ. ಆ ಪ್ರೋಟೀನಿನ 200ನೇ ಸ್ಥಾನದಲ್ಲಿ ಒಂದೇ ಒಂದು ಅಮೈನೋ ಆಮ್ಲ ಬದಲಾದರೂ ಔಷಧ ಅಂಟುವುದಿಲ್ಲ. ಕೋಟಿಗಟ್ಟಲೆ ಹುಳುಗಳಲ್ಲಿ ಅಂಥ ಕೆಲವು ಮೊದಲಿನಿಂದಲೂ ಇರುತ್ತವೆ. ಈ ವರ್ಗದ ಮೊದಲ ಔಷಧ ಥಯಾಬೆಂಡಜೋಲ್ 1961ರಲ್ಲಿ ಬಂತು. 1964ರ ಹೊತ್ತಿಗೇ ಕುರಿಯ ಹುಳುಗಳಲ್ಲಿ ಪ್ರತಿರೋಧ ವರದಿಯಾಗಿತ್ತು. ಮೂರೇ ವರ್ಷ.

ಇಲ್ಲಿ ನಮ್ಮ ಸೀಮೆಯ ಹವೆಯದೂ ಒಂದು ಪಾತ್ರವಿದೆ. ಏಪ್ರಿಲ್-ಮೇ ತಿಂಗಳಲ್ಲಿ ಬಳ್ಳಾರಿ, ಕೊಪ್ಪಳದ ನೆಲ ಹೆಂಚಿನಂತೆ ಕಾದಿರುವಾಗ ಹುಲ್ಲಿನ ಮೇಲೆ ಮರಿಹುಳುಗಳು ಬಹುಪಾಲು ಒಣಗಿ ಸಾಯುತ್ತವೆ. ಆ ಹೊತ್ತಿಗೆ ಊರಿನ ಹುಳುಗಳೆಲ್ಲ ಕುರಿಗಳ ಹೊಟ್ಟೆಯಲ್ಲೇ ತಂಗಿರುತ್ತವೆ. ಆಗ ಮಂದೆಗೆ ಮಂದೆಯೇ ಔಷಧ ಕುಡಿಸಿದರೆ ಉಳಿಯುವುದು ಔಷಧಕ್ಕೆ ಬಗ್ಗದ ಹುಳು ಮಾತ್ರ. ಮಳೆ ಬಿದ್ದ ಮೇಲೆ ನೆಲ ತುಂಬ ಹರಡುವುದೂ ಅದರ ಸಂತಾನವೇ. ಔಷಧ ಕುಡಿಸಿ ಮರುದಿನವೇ ಹೊಸ ಕೂಳೆಗದ್ದೆಗೆ ಮಂದೆ ಹೊಡೆಯುವುದರಲ್ಲೂ ಇದೇ ಅಪಾಯ. ಒಂದು ಕಾಲಕ್ಕೆ ತಜ್ಞರೇ ಕೊಟ್ಟಿದ್ದ ಸಲಹೆ ಅದು. ಈಗ ಅವರೇ ಹಿಂತೆಗೆದುಕೊಂಡಿದ್ದಾರೆ. ಔಷಧ ಕಾಣದ ಹುಳುಗಳು ಸ್ವಲ್ಪ ಉಳಿದಿರಲಿ, ಅವು ಬಗ್ಗದ ಹುಳುಗಳೊಡನೆ ಬೆರೆತು ಅವುಗಳ ಬಲ ತೆಳುಮಾಡಲಿ ಎಂಬುದು ಇಂದಿನ ವಿಚಾರ. ಹಾಗಾಗಿ ಎಲ್ಲ ಕುರಿಗೂ ಕುಡಿಸಬೇಡಿ, ಬೇಕಾದವಕ್ಕೆ ಮಾತ್ರ ಕುಡಿಸಿ ಎನ್ನುತ್ತಾರೆ. ಬೇಕಾದವು ಯಾವುವು? ದಕ್ಷಿಣ ಆಫ್ರಿಕಾದಲ್ಲಿ ರೂಪಿಸಿದ ಫಮಾಚಾ ಪಟ್ಟಿಯಲ್ಲಿ ಐದು ಬಣ್ಣಗಳಿವೆ, ಕಡುಗೆಂಪಿನಿಂದ ಬಿಳಿಯವರೆಗೆ. ಕುರಿಯ ಕೆಳರೆಪ್ಪೆ ಎಳೆದು ಒಳಗಿನ ಬಣ್ಣವನ್ನು ಪಟ್ಟಿಗೆ ಹೋಲಿಸಿದರಾಯಿತು. ಹುಳುಗಳು ಎಲ್ಲ ಕುರಿಗೂ ಸಮನಾಗಿ ಹಂಚಿಕೊಂಡಿರುವುದಿಲ್ಲ. ಬಹುಪಾಲು ಹುಳು ಕೆಲವೇ ಕುರಿಗಳ ಹೊಟ್ಟೆಯಲ್ಲಿರುತ್ತದೆ. ರಕ್ತ ಕಡಿಮೆಯಾದವೆಂದು ರೆಪ್ಪೆ ಹೇಳುವುದೂ ಆ ಕೆಲವೇ ಕುರಿಗಳನ್ನು.

ಕೆಳರೆಪ್ಪೆ ಎಳೆದು ನೋಡುವುದು ಯಜಮಾನರಿಗೆ ಹೊಸದೇನಲ್ಲ. ನಾನು ಕೇಳಿದಾಗ ಎದುರಿಗಿದ್ದ ಕುರಿಯ ಕಣ್ಣು ಬಿಡಿಸಿ ತೋರಿಸಿದರು. ಒಳಗೆ ಸುಣ್ಣದಂತೆ ಬಿಳಿಚಿತ್ತು. ಅವರು ತಕ್ಷಣ ಹೇಳಿದ ಮಾತು ನನ್ನನ್ನು ತಡೆದು ನಿಲ್ಲಿಸಿತು: ‘ಭತ್ತದ ಗದ್ದೆಗೆ ಬಂದ ಮೇಲೆಯೇ ಹೀಗೆ. ಮೇಲಿನ ಸೀಮೆಯಲ್ಲಿ ಇರುವುದಿಲ್ಲ.’

ನಾಲ್ಕು ಶಂಕಿತರ ಪಟ್ಟಿಗೆ ಅವರು ಐದನೆಯದನ್ನು ಸೇರಿಸಿದ್ದರು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ನಿಂತ ಕಡೆಯಲ್ಲೆಲ್ಲ ಬಸವನಹುಳುಗಳಿವೆ. ಯಕೃತ್ತಿನ ಚಪ್ಪಟೆ ಹುಳು ಅವುಗಳ ಮೈಯಲ್ಲಿ ಬೆಳೆದು, ಹಸಿ ಹುಲ್ಲಿಗೆ ಅಂಟಿ, ಅಲ್ಲಿಂದ ಕುರಿಯ ಪಿತ್ತಜನಕಾಂಗ ಸೇರುತ್ತದೆ. ಅದೂ ರಕ್ತ ಕುಡಿಯುತ್ತದೆ, ಅದೂ ಗದ್ದ ಊದಿಸುತ್ತದೆ. ಅಲ್ಬೆಂಡಜೋಲ್ ಆ ಹುಳುವಿನ ಎಳೆಯ ಹಂತಗಳನ್ನು ಮುಟ್ಟುವುದೇ ಇಲ್ಲ. ಬಲಿತದ್ದನ್ನು ಕೊಲ್ಲಲೂ ಹೆಚ್ಚಿನ ಪ್ರಮಾಣ ಬೇಕು. ಅದಕ್ಕೆ ಬೇರೆಯೇ ಔಷಧಗಳಿವೆ. ಇನ್ನೂ ತಮಾಷೆಯೆಂದರೆ, ಅದರ ಮೊಟ್ಟೆ ಭಾರ. ಉಪ್ಪುನೀರಿನಲ್ಲಿ ತೇಲುವುದಿಲ್ಲ, ತಳಕ್ಕಿಳಿಯುತ್ತದೆ. ಮೆಕ್‌ಮಾಸ್ಟರ್ ಗಾಜನ್ನಷ್ಟೇ ನೋಡಿ ‘ಮೊಟ್ಟೆಯಿಲ್ಲ, ಕುರಿ ಆರೋಗ್ಯವಾಗಿದೆ’ ಎಂದು ಬರೆದುಕೊಟ್ಟರೆ ಕುರಿ ಸಾಯುತ್ತದೆ. ತಳದ ಗಸಿಯನ್ನೂ ನೋಡಬೇಕು. ಯಾವ ಹುಳು ಎಂದು ತಿಳಿಯದೆ ಯಾವ ಔಷಧ ಸೋತಿತು ಎನ್ನಲು ಬರುವುದಿಲ್ಲ.

ಈಗ ಶಾಲೆಗೆ ಹೋಗೋಣ. ಮನುಷ್ಯರಲ್ಲಿ ಮಣ್ಣಿನಿಂದ ಬರುವ ಹುಳುಗಳು ಮುಖ್ಯವಾಗಿ ಮೂರು: ದುಂಡುಹುಳು, ಕೊಕ್ಕೆಹುಳು, ಚಾಟಿಹುಳು. ಜಗತ್ತಿನಲ್ಲಿ ಸುಮಾರು 150 ಕೋಟಿ ಜನರ ಹೊಟ್ಟೆಯಲ್ಲಿ ಇವುಗಳಲ್ಲಿ ಒಂದಾದರೂ ಇದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಮೂರಕ್ಕೂ ನಾವು ಕೊಡುವುದು ಒಂದೇ ಮಾತ್ರೆ, ಒಂದೇ ಸಲ. ಹಲವು ಪ್ರಯೋಗಗಳ ಫಲಿತಾಂಶವನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, 400 ಮಿಲಿಗ್ರಾಂ ಅಲ್ಬೆಂಡಜೋಲ್ ಒಮ್ಮೆ ನುಂಗಿದವರಲ್ಲಿ ದುಂಡುಹುಳು ಪೂರ್ತಿ ಹೋದದ್ದು ಶೇ 95ರ ಆಸುಪಾಸು ಜನರಲ್ಲಿ. ಕೊಕ್ಕೆಹುಳು, ಶೇ 80ರ ಹತ್ತಿರ. ಚಾಟಿಹುಳು, ಸುಮಾರು ಶೇ 30. ಅಂದರೆ ಚಾಟಿಹುಳುವಿದ್ದು ಮಾತ್ರೆ ನುಂಗಿದ ಹತ್ತು ಮಕ್ಕಳಲ್ಲಿ ಏಳು ಮಕ್ಕಳ ಹೊಟ್ಟೆಯಲ್ಲಿ ಅದು ಉಳಿಯುತ್ತದೆ. ನಮ್ಮ ‘ಶೇ 98 ಸಾಧನೆ’ಯ ಒಳಗೆ ಈ ಶೇ 30 ಅಡಗಿ ಕುಳಿತಿರುತ್ತದೆ.

ಮನುಷ್ಯರ ಮಲದಲ್ಲಿ ಮೊಟ್ಟೆ ಎಣಿಸುವ ವಿಧಾನಕ್ಕೆ ಕ್ಯಾಟೋ-ಕ್ಯಾಟ್ಜ್ ಎಂದು ಹೆಸರು. ರಂಧ್ರವಿರುವ ಪ್ಲಾಸ್ಟಿಕ್ ಪಟ್ಟಿಯೊಂದು 41.7 ಮಿಲಿಗ್ರಾಂ ಮಲವನ್ನು ಅಳೆದು ಕೊಡುತ್ತದೆ, ಕಡಲೆಕಾಳಿಗಿಂತ ಬಹಳ ಚಿಕ್ಕದು. ಗ್ಲಿಸರಿನ್‌ನಲ್ಲಿ ನೆನೆಸಿದ ಪಾರದರ್ಶಕ ಹಾಳೆ ಹೊದಿಸಿ ಒತ್ತಿದರೆ ಮಲ ತಿಳಿಯಾಗಿ, ಮೊಟ್ಟೆಗಳು ಎದ್ದು ಕಾಣುತ್ತವೆ. 24ರಿಂದ ಗುಣಿಸಿದರೆ ಗ್ರಾಂ ಲೆಕ್ಕ. ಚಾಟಿಹುಳುವಿನ ಮೊಟ್ಟೆ ಗುರುತಿಸುವುದು ಸುಲಭ: ಎರಡೂ ತುದಿಗೆ ಬಿರಡೆ ಹೊಡೆದ ಪುಟ್ಟ ಪೀಪಾಯಿ. ಕೊಕ್ಕೆಹುಳುವಿನದು ಮಾತ್ರ ತೆಳು ಚಿಪ್ಪು. ಅದೇ ಗ್ಲಿಸರಿನ್ ಅದನ್ನೂ ಕರಗಿಸಿ ಕಾಣದಂತೆ ಮಾಡುತ್ತದೆ. ಪಟ್ಟಿ ತಯಾರಿಸಿ ಅರ್ಧ-ಒಂದು ಗಂಟೆಯೊಳಗೆ ನೋಡದಿದ್ದರೆ ಕೊಕ್ಕೆಹುಳು ದಾಖಲೆಯಿಂದಲೇ ಮಾಯ. ಬೆಳಿಗ್ಗೆ ಸಂಗ್ರಹಿಸಿ ಪಟ್ಟಿ ಮಾಡಿಟ್ಟು, ಕರೆಂಟು ಬಂದ ಮೇಲೆ ಮಧ್ಯಾಹ್ನ ನೋಡಿದರೆ ಔಷಧ ಎಷ್ಟು ಚೆನ್ನಾಗಿ ಕೆಲಸ ಮಾಡಿದೆ ಎಂದು ಸಂತೋಷಪಡಬಹುದು!

ವಿಶ್ವ ಆರೋಗ್ಯ ಸಂಸ್ಥೆ ಇಲ್ಲಿಯೂ ಗಡುವು, ಗಡಿ ಎರಡನ್ನೂ ಹಾಕಿದೆ. ಮಾತ್ರೆಯ ನಂತರ 14ರಿಂದ 21 ದಿನಗಳೊಳಗೆ ಮರು ಎಣಿಕೆ. ಮೊಟ್ಟೆಗಳ ಇಳಿಕೆ ದುಂಡುಹುಳುವಿನಲ್ಲಿ ಕನಿಷ್ಠ ಶೇ 95, ಕೊಕ್ಕೆಹುಳುವಿನಲ್ಲಿ ಶೇ 90, ಚಾಟಿಹುಳುವಿನಲ್ಲಿ ಶೇ 50 ಇರಬೇಕು. ಚಾಟಿಹುಳುವಿಗೆ ಪಾಸ್ ಅಂಕವೇ ಐವತ್ತು ಎಂದ ಮೇಲೆ ಆ ಔಷಧದ ಶಕ್ತಿ ಎಷ್ಟೆಂದು ತಿಳಿಯಿತು. ಮನುಷ್ಯರ ಈ ಹುಳುಗಳಲ್ಲಿ ಕುರಿಯ ಹುಳುಗಳಂತೆ ಪ್ರತಿರೋಧ ಹರಡಿದೆ ಎಂಬುದು ಇನ್ನೂ ದೃಢವಾಗಿ ಸಾಬೀತಾಗಿಲ್ಲ. ಅದಕ್ಕೊಂದು ಕಾರಣ ವಿಚಿತ್ರವಾದದ್ದು. ಈ ಹುಳುಗಳಿಗೆಂದು ನಾವು ಮಾತ್ರೆ ಕೊಡುವುದು ಮುಖ್ಯವಾಗಿ ಮಕ್ಕಳಿಗೆ. ಅಪ್ಪ, ಅವ್ವ, ಅಜ್ಜಿಯರ ಹೊಟ್ಟೆಯ ಹುಳು ಔಷಧ ಕಾಣದೆ ಉಳಿಯುತ್ತದೆ. ಅದರ ಮೊಟ್ಟೆಯೇ ಹೊಲ, ಹಿತ್ತಿಲಿನ ಮಣ್ಣಿಗೆ ಬಿದ್ದು ಮಕ್ಕಳಿಗೆ ಮತ್ತೆ ಅಂಟುತ್ತದೆ. ಮಕ್ಕಳಿಗೆ ಹುಳು ಮರುಕಳಿಸುವಂತೆ ಮಾಡುವ ದಾರಿಯೇ ಮಾತ್ರೆಯ ಆಯುಸ್ಸನ್ನೂ ಉದ್ದ ಮಾಡುತ್ತಿದೆ. ಊರಿಗೆ ಊರೇ ಮಾತ್ರೆ ನುಂಗಿದರೆ ಹುಳುವಿನ ಹರಡುವಿಕೆ ನಿಲ್ಲಿಸಬಹುದೇ ಎಂಬ ಡೀವರ್ಮ್3 ಪ್ರಯೋಗ ತಮಿಳುನಾಡು, ಬೆನಿನ್, ಮಲಾವಿಗಳಲ್ಲಿ ನಡೆಯಿತು. ಅಂಥ ದಾರಿ ಹಿಡಿದ ಕಡೆ ಮೊಟ್ಟೆ ಎಣಿಕೆ ಇನ್ನೂ ಕಟ್ಟುನಿಟ್ಟಾಗಿರಬೇಕು, ಏಕೆಂದರೆ ಆಗ ಔಷಧ ಕಾಣದ ಹುಳುಗಳ ದಾಸ್ತಾನು ಉಳಿಯುವುದಿಲ್ಲ. ಬೇಸಿಗೆಯಲ್ಲಿ ಮಂದೆಗೆ ಮಂದೆಯೇ ಕುಡಿಸಿದ ಹಾಗೆ.

ಒಂದು ಕಡೆ ಪಾಸಾದ ಔಷಧ ಎಲ್ಲ ಕಡೆಯೂ ಪಾಸಾಗುತ್ತದೆ ಎನ್ನುವ ಭರವಸೆಯೂ ಬೇಡ. ಚಾಟಿಹುಳುವಿಗೆ ಅಲ್ಬೆಂಡಜೋಲ್ ಜೊತೆ ಐವರ್‌ಮೆಕ್ಟಿನ್ ಎಂಬ ಇನ್ನೊಂದು ಹುಳುವಿನ ಔಷಧ ಕೊಟ್ಟರೆ ಹೇಗೆ ಎಂದು ಮೂರು ಕಡೆ ಪ್ರಯೋಗ ಮಾಡಿದರು. 2022ರಲ್ಲಿ ಫಲಿತಾಂಶ ಪ್ರಕಟವಾಯಿತು. ಲಾವೋಸ್ ಮತ್ತು ತಾಂಜಾನಿಯಾದ ಪೆಂಬಾ ದ್ವೀಪದಲ್ಲಿ ಜೋಡಿ ಔಷಧ ಚೆನ್ನಾಗಿ ಕೆಲಸ ಮಾಡಿತು. ಐವರಿ ಕೋಸ್ಟ್‌ನಲ್ಲಿ ಹೆಚ್ಚೂಕಡಿಮೆ ಏನೂ ಮಾಡಲಿಲ್ಲ. ಒಂದೇ ಔಷಧ, ಒಂದೇ ಪ್ರಮಾಣ, ಒಂದೇ ಬಗೆಯ ಎಣಿಕೆ. ಆಮೇಲೆ ವಂಶವಾಹಿ ಪರೀಕ್ಷೆ ಮಾಡಿದಾಗ ಅಲ್ಲಿನದು ಚಾಟಿಹುಳುವಿನ ಬೇರೆಯೇ ಪ್ರಭೇದ ಎಂದು ತಿಳಿಯಿತು. ಅದಕ್ಕೆ ಟ್ರೈಚುರಿಸ್ ಇನ್‌ಕಾಗ್ನಿಟಾ, ಅಂದರೆ ವೇಷ ಮರೆಸಿಕೊಂಡದ್ದು, ಎಂದೇ ಹೆಸರಿಟ್ಟರು. ಸೂಕ್ಷ್ಮದರ್ಶಕದಲ್ಲಿ ಅದೇ ಬಿರಡೆಯ ಪೀಪಾಯಿ. ಅಲ್ಲಿ ಎಣಿಸದೇ ಹೋಗಿದ್ದರೆ ಆ ಮಾತ್ರೆ ಇಂದಿಗೂ ‘ಸಾಧನೆ’ಯಾಗಿರುತ್ತಿತ್ತು. ಇಥಿಯೋಪಿಯಾ, ಕೀನ್ಯಾ, ಮೊಜಾಂಬಿಕ್‌ಗಳಲ್ಲಿ ಎರಡನ್ನೂ ಒಂದೇ ಮಾತ್ರೆಯಲ್ಲಿ ಬೆರೆಸಿ ಕೊಟ್ಟು ನೋಡಿದ್ದಾರೆ. ಚಾಟಿಹುಳುವಿನ ವಿರುದ್ಧ ಬರೀ ಅಲ್ಬೆಂಡಜೋಲ್‌ಗಿಂತ ಬಹಳ ಮೇಲು ಎಂಬ ಫಲಿತಾಂಶ 2025ರಲ್ಲಿ ಪ್ರಕಟವಾಗಿದೆ. ನಾಳೆ ಅದು ನಮ್ಮ ಶಾಲೆಗಳಿಗೂ ಬರಬಹುದು. ಬಂದಾಗ ಮೊದಲು ಕೇಳಬೇಕಾದದ್ದು ನಮ್ಮ ಹುಳು ಯಾವುದು ಎಂದು.

ಪ್ರಯೋಗಗಳು ದೂರದ ದೇಶಗಳಲ್ಲೇ ನಡೆಯುತ್ತವೆ ಎಂದುಕೊಳ್ಳಬೇಡಿ. ಆನೆಕಾಲು ರೋಗದ ಹುಳುವಿಗೆ ಇಂದು ಕೊಡುವ ಮೂರು ಔಷಧಗಳ ಜೋಡಣೆ ಸುರಕ್ಷಿತವೇ ಎಂದು ಐದು ದೇಶಗಳಲ್ಲಿ ಪರೀಕ್ಷಿಸಿದರು. ಒಟ್ಟು 26 ಸಾವಿರಕ್ಕೂ ಹೆಚ್ಚು ಜನ ಅದರಲ್ಲಿದ್ದರು. ಭಾರತದಲ್ಲಿ ಅದು ನಡೆದದ್ದು ರಾಯಚೂರಿನ ಪಕ್ಕದ ಯಾದಗಿರಿ ಜಿಲ್ಲೆಯಲ್ಲಿ. ಮನೆಮನೆಗೆ ಹೋಗಿ ಔಷಧ ನುಂಗಿಸಿ, ನಂತರದ ದಿನಗಳಲ್ಲಿ ಜ್ವರ, ತಲೆನೋವು, ಸುಸ್ತು ಯಾರಿಗೆ ಎಷ್ಟು ಎಂದು ಬರೆದುಕೊಂಡರು. ಇಂದು ದೇಶದ ಎಷ್ಟೋ ಜಿಲ್ಲೆಗಳ ಜನ ಆ ಮೂರು ಮಾತ್ರೆಗಳನ್ನು ಧೈರ್ಯದಿಂದ ನುಂಗುವುದರ ಹಿಂದೆ ಯಾದಗಿರಿಯ ಹಳ್ಳಿಗರ ಪಾಲೂ ಇದೆ. ಅದನ್ನು ಅವರಿಗೆ ಯಾರಾದರೂ ಹೇಳಿದ್ದಾರೋ ಇಲ್ಲವೋ!

ಹುಳು ಸತ್ತರೆ ಮಗು ಬೆಳೆಯುತ್ತದೆಯೇ ಎಂಬುದು ಇನ್ನೂ ತೊಡಕಿನ ಪ್ರಶ್ನೆ. ಕೀನ್ಯಾದ ಬುಸಿಯಾದಲ್ಲಿ 75 ಶಾಲೆಗಳಲ್ಲಿ ನಡೆದ ಅಧ್ಯಯನ, ಹುಳುವಿನ ಮಾತ್ರೆ ಕೊಟ್ಟ ಶಾಲೆಗಳಲ್ಲಿ ಗೈರುಹಾಜರಿ ಕಾಲುಭಾಗದಷ್ಟು ಇಳಿಯಿತು ಎಂದು 2004ರಲ್ಲಿ ಹೇಳಿತು. ಅದನ್ನು ಬರೆದವರಲ್ಲಿ ಒಬ್ಬರಾದ ಮೈಕೆಲ್ ಕ್ರೆಮರ್‌ಗೆ 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. 2015ರಲ್ಲಿ ಅದೇ ಅಂಕಿಅಂಶಗಳನ್ನು ಬೇರೆಯವರು ಮತ್ತೆ ಲೆಕ್ಕ ಹಾಕಿ ತಕರಾರು ತೆಗೆದರು, ದೊಡ್ಡ ಜಗಳವೇ ಆಯಿತು. ನಮ್ಮದೇ ಉತ್ತರ ಪ್ರದೇಶದ 72 ಬ್ಲಾಕ್‌ಗಳಲ್ಲಿ ಸುಮಾರು ಹತ್ತು ಲಕ್ಷ ಪುಟ್ಟ ಮಕ್ಕಳ ಮೇಲೆ ನಡೆದ ಡೆವ್ಟಾ ಪ್ರಯೋಗದ ಫಲಿತಾಂಶ 2013ರಲ್ಲಿ ಹೊರಬಂತು: ಆರು ತಿಂಗಳಿಗೊಮ್ಮೆ ಅಲ್ಬೆಂಡಜೋಲ್ ಕೊಟ್ಟ ಕಡೆ ಮಕ್ಕಳ ಸಾವಿನಲ್ಲಾಗಲಿ ತೂಕದಲ್ಲಾಗಲಿ ಹೇಳಿಕೊಳ್ಳುವ ವ್ಯತ್ಯಾಸವಿರಲಿಲ್ಲ. ನನಗೆ ಇವೆರಡೂ ಪರಸ್ಪರ ಸುಳ್ಳು ಮಾಡುವ ಮಾತುಗಳಾಗಿ ಕಾಣುವುದಿಲ್ಲ. ಹುಳು ದಟ್ಟವಾಗಿದ್ದ ಕಡೆ ಮಾತ್ರೆಯ ಲಾಭ ಕಾಣುತ್ತದೆ, ವಿರಳವಾಗಿದ್ದ ಕಡೆ ಲಕ್ಷ ಮಕ್ಕಳ ಸರಾಸರಿಯಲ್ಲಿ ಅದು ಕರಗಿಹೋಗುತ್ತದೆ. ಎರಡು ಸಾವಿರ ಹುಳುವಿನ ಕುರಿಗೆ ಔಷಧ ಕುಡಿಸಿದರೆ ಏಳುತ್ತದೆ. ಇಪ್ಪತ್ತು ಹುಳುವಿನ ಕುರಿಗೆ ಕುಡಿಸಿದರೆ ಗೊತ್ತೂ ಆಗುವುದಿಲ್ಲ. ಇದರಿಂದ ಶಾಲೆಯಲ್ಲಿ ಮಾತ್ರೆ ನುಂಗಿಸುವುದು ಬೇಡ ಎಂದಾಗುವುದಿಲ್ಲ. ಮಾತ್ರೆ ಅಗ್ಗ, ಸುರಕ್ಷಿತ. ಒಬ್ಬೊಬ್ಬರ ಮಲ ಪರೀಕ್ಷೆಗೆ ತಗಲುವ ಖರ್ಚು ಮಾತ್ರೆಯ ಖರ್ಚಿಗಿಂತ ಹೆಚ್ಚು. ಅದಕ್ಕೇ ಎಲ್ಲರಿಗೂ ಕೊಡುತ್ತಾರೆ. ಆದರೆ ಎಲ್ಲರನ್ನೂ ಪರೀಕ್ಷಿಸಲಾಗದು ಎಂಬುದು ಯಾರನ್ನೂ ಪರೀಕ್ಷಿಸದಿರಲು ನೆಪವಾಗಬಾರದು. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರರಲ್ಲೂ ಈಗ ವೈದ್ಯಕೀಯ ಕಾಲೇಜುಗಳಿವೆ. ವರ್ಷಕ್ಕೆ ನಾಲ್ಕಾರು ಶಾಲೆ ಆರಿಸಿಕೊಂಡು, ಮಾತ್ರೆಯ ಮೊದಲು ಮತ್ತು ಮೂರು ವಾರದ ನಂತರ ಎಣಿಸುವುದು ವಿದ್ಯಾರ್ಥಿಗಳಿಗೂ ಒಳ್ಳೆಯ ಪಾಠ.

ಮಾತ್ರೆಯೊಂದೇ ದಾರಿಯಲ್ಲ ಎಂಬುದಕ್ಕೆ ನಮ್ಮ ಹಿರಿಯರ ಕಾಲಿನ ಮೇಲೆ ಸಾಕ್ಷಿ ಉಳಿದಿದೆ. ಕುಡಿಯುವ ನೀರಿನಿಂದ ಒಳಹೋಗಿ ಕಾಲಿನಿಂದ ಹೊರಬರುವ ನಾರುಹುಣ್ಣಿನ ಹುಳುವಿಗೆ ಅಂದೂ ಔಷಧವಿರಲಿಲ್ಲ, ಇಂದಿಗೂ ಇಲ್ಲ. ಕರ್ನಾಟಕ ಅದರಿಂದ ನರಳಿದ ಏಳು ರಾಜ್ಯಗಳಲ್ಲಿ ಒಂದು. ಮೆಟ್ಟಿಲು ಬಾವಿಗೆ ಕಾಲಿಳಿಸುವುದನ್ನು ತಪ್ಪಿಸಿ, ನೀರು ಸೋಸಿ ಕುಡಿಯುವುದನ್ನು ಕಲಿಸಿಯೇ ಅದನ್ನು ಓಡಿಸಿದರು. ದೇಶದ ಕೊನೆಯ ರೋಗಿ ಕಂಡದ್ದು 1996ರಲ್ಲಿ, 2000ದಲ್ಲಿ ಭಾರತ ನಾರುಹುಣ್ಣು ಮುಕ್ತ ಎಂಬ ಪ್ರಮಾಣಪತ್ರ ಬಂತು. ಅಲ್ಲಿ ಒಬ್ಬೊಬ್ಬ ರೋಗಿಯನ್ನೂ ಹುಡುಕಿ ಎಣಿಸಿದ್ದರು.

ಕಾರಟಗಿಯ ಮಂದೆಗೆ ಮರಳುತ್ತೇನೆ. ಪರಿಚಯದ ಪಶುವೈದ್ಯರೊಬ್ಬರಿಗೆ ಫೋನ್ ಮಾಡಿ, ಮುಂದಿನ ಸಲ ಕುಡಿಸುವಾಗ ಎಣಿಸಿ ನೋಡೋಣವೇ ಎಂದು ಯಜಮಾನರನ್ನು ಕೇಳಿದೆ. ಹದಿನೈದು ಕುರಿಗೆ ತೂಗಿ ಕುಡಿಸೋಣ, ಹದಿನೈದಕ್ಕೆ ಕುಡಿಸದೆ ಬಿಡೋಣ, ಎರಡನ್ನೂ ಹೋಲಿಸೋಣ ಎಂದೆ. ಹಳೆಯ ಪುಸ್ತಕಗಳಲ್ಲಿರುವ ಕ್ರಮ ಅದು: ಮಳೆ, ಮೇವು, ಕಾಲ ಬದಲಾಗಿ ಮೊಟ್ಟೆ ತಾನಾಗಿಯೇ ಇಳಿದಿದ್ದರೆ ಆ ಶ್ರೇಯಸ್ಸು ಔಷಧಕ್ಕೆ ಹೋಗಬಾರದಲ್ಲ.

‘ಕುಡಿಸದೆ ಬಿಟ್ಟವು ಸತ್ತರೆ ನೀನು ಕೊಡುತ್ತೀಯಾ?’ ಎಂದರು.

ಉತ್ತರವಿರಲಿಲ್ಲ. ದೊಡ್ಡ ದೊಡ್ಡ ಪ್ರಯೋಗಗಳ ನೈತಿಕ ಸಮಿತಿಗಳು ದಿನಗಟ್ಟಲೆ ಕುಳಿತು ಚರ್ಚಿಸುವುದು ಈ ಒಂದು ವಾಕ್ಯವನ್ನೇ. ಪಶುವೈದ್ಯರು ಫೋನಿನಲ್ಲೇ ದಾರಿ ತೋರಿಸಿದರು: 2023ರ ಅಂತಾರಾಷ್ಟ್ರೀಯ ಮಾರ್ಗಸೂಚಿ ಕುಡಿಸದ ಗುಂಪು ಬೇಡ, ಅದೇ ಕುರಿಗಳನ್ನು ಮೊದಲು ಮತ್ತು ನಂತರ ಎಣಿಸಿದರೆ ಸಾಕು ಎನ್ನುತ್ತದೆ. ಅದಕ್ಕೆ ಯಜಮಾನರು ಒಪ್ಪಿದರು. ಹದಿನೈದು ಕುರಿಗಳ ಕೊಂಬಿಗೋ ನೆತ್ತಿಗೋ ಕೆಂಪು ಬಣ್ಣ ಬಳಿದು ನಂಬರು ಹಾಕಿದೆವು. ಕೈಗೆ ಗ್ಲೌಸ್ ಹಾಕಿಕೊಂಡು ನೇರವಾಗಿ ಗುದದಿಂದಲೇ ಹಿಕ್ಕೆ ತೆಗೆದು ನಂಬರಿನ ಚೀಟಿಯೊಡನೆ ಪೊಟ್ಟಣ ಕಟ್ಟಿದೆವು. ನೆಲಕ್ಕೆ ಬಿದ್ದದ್ದಾದರೆ ಯಾವ ಕುರಿಯದು ಎಂದು ಯಾರು ಹೇಳಬೇಕು? ಮಂಜುಗಡ್ಡೆಯ ಡಬ್ಬಿಯಲ್ಲಿ ಅವು ಪ್ರಯೋಗಾಲಯಕ್ಕೆ ಹೋದವು. ತೂಗಿದಾಗ ಹದಿನೈದರಲ್ಲಿ ಒಂದೂ ಹದಿನೇಳು ಕೆ.ಜಿ.ಗೆ ಕಡಿಮೆ ಇರಲಿಲ್ಲ. ಸಿರಿಂಜು ಒಂಬತ್ತು, ಹತ್ತು, ಹನ್ನೊಂದಕ್ಕೆ ಏರಿದಾಗ ಮಗ ಅಪ್ಪನ ಮುಖ ನೋಡಿದ, ಅಪ್ಪ ಬಾಟಲಿ ನೋಡಿದರು.

ಹದಿಮೂರನೇ ದಿನ ಮಗನ ಫೋನ್ ಬಂತು. ಗದ್ದೆಯವರು ಎರಡನೇ ಬೆಳೆಗೆ ನೀರು ಬಿಟ್ಟಿದ್ದರಿಂದ ಮಂದೆ ದಢೇಸುಗೂರು ಸೇತುವೆ ದಾಟಿ ಸಿರುಗುಪ್ಪ ಕಡೆ ಹೋಗಿದೆಯಂತೆ. ಕೆಂಪು ಗುರುತಿನ ಎರಡು ಕುರಿ ಸಂತೆಯಲ್ಲಿ ಮಾರಾಟವಾಗಿವೆ, ಹದಿಮೂರು ಉಳಿದಿವೆ. ‘ಹಿಕ್ಕೆ ಬೇಕಾದರೆ ನಾಳೆ ಬೆಳಿಗ್ಗೆ ಏಳಕ್ಕೆ ಮೊದಲೇ ಬಂದುಬಿಡಿ ಅಣ್ಣಾ, ಆಮೇಲೆ ಮಂದೆ ಬಿಡುತ್ತೇವೆ’ ಎಂದ. ನಾನು ಮಂಜುಗಡ್ಡೆಯ ಡಬ್ಬಿ ತೊಳೆದಿಟ್ಟು, ಮೊದಲ ಬಸ್ಸಿನ ಹೊತ್ತು ವಿಚಾರಿಸಿಕೊಂಡೆ.